ಆಲ್ವೇಸ್ ಎಲ್ಲಿ ಕೂಡ್ರಬೇಕು?

‘ಅಂವ ಯಾವಾಗ್ಲೂ ಹೊಲದಾಗ ಇರ್ತಾನ.’ ದೇವರ ಹಿಪ್ಪರಗಿಯ ಹತ್ತನೇ ಇಯತ್ತೆಯ ಹುಡುಗನಿಗೆ ಇದನ್ನು ಇಂಗ್ಲಿಷಿನಲ್ಲಿ ಹೇಳು ಅಂದರೆ ‘ಹಿ ಈಸ್ ಆಲ್ವೇಸ್ ಇನ್ ದ ಫೀಲ್ಡ್’ ಅನ್ನುತ್ತಾನೆ. ಸರಿಯಾಗಿದೆ. ‘ಅಂವ ಯಾವಾಗ್ಲೂ ಹೊಲಕ್ಕ ಹೋಗ್ತಾನ’ ಅಂದಾಗ ಅದೇ ಧೈರ್ಯದಲ್ಲಿ ‘ಹಿ ಗೋಸ್ ಆಲ್ವೇಸ್ ಟು ದ ಫೀಲ್ಡ್’ ಎಂದುಬಿಡುತ್ತಾನೆ. ಇದು ತಪ್ಪು. ‘ಹಿ ಆಲ್ವೇಸ್ ಗೋಸ್ ಟು ದ ಫೀಲ್ಡ್’ ಆಗಬೇಕಿತ್ತು. ಮೊದಲ ವಾಕ್ಯದಲ್ಲಿ ‘ಇನ್ ದ ಫೀಲ್ಡ್’ ಮುಂದೆ ಕೂತಿದ್ದ ‘ಆಲ್ವೇಸ್’ ಎರಡನೆಯದರಲ್ಲಿ ‘ಟು ದ ಫೀಲ್ಡ್’ ಮುಂದೆ ಯಾಕೆ ಕೂಡ್ರಬಾರದು? ಹುಡುಗನ ಲೆಕ್ಕದಲ್ಲಿ ತರ್ಕವೇನೋ ಇದೆ. ಆದರೆ ಅವನು ನೋಡಿದ್ದು ‘ಆಲ್ವೇಸ್’ನ ಬಲಗಡೆ. ನೋಡಬೇಕಾದ್ದು ಎಡಗಡೆ.

ಸರ್ಕಾರಿ ಕನ್ನಡ ಶಾಲೆಗಳಲ್ಲಿ 2007-08ರಿಂದ ಒಂದನೇ ಇಯತ್ತೆಯಿಂದಲೇ ಇಂಗ್ಲಿಷ್ ಇದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಎಲ್ಲಿಯ ಮಕ್ಕಳನ್ನು ಕೇಳಿದರೂ ಆಲ್ವೇಸ್, ಯೂಶುವಲಿ, ಆಫನ್, ಸಮ್‌ಟೈಮ್ಸ್, ನೆವರ್ ಇವುಗಳ ಅರ್ಥ ಬಾಯಿಪಾಠ. ತೊಡಕಿರುವುದು ಅವುಗಳ ಜಾಗದಲ್ಲಿ. ನಮ್ಮ ಮಾತಿನಲ್ಲಿ ಜಾಗದ ಕಾಟವೇ ಇಲ್ಲ. ‘ಅಂವ ದಿನಾ ಸಿಂದಗಿಗೆ ಹೋಗ್ತಾನ’, ‘ದಿನಾ ಅಂವ ಸಿಂದಗಿಗೆ ಹೋಗ್ತಾನ’, ‘ಸಿಂದಗಿಗೆ ಅಂವ ದಿನಾ ಹೋಗ್ತಾನ’, ಹೇಗೆ ತಿರುಗಿಸಿದರೂ ನಡೆಯುತ್ತದೆ. ಒತ್ತು ಅಷ್ಟಿಷ್ಟು ಬದಲಾದೀತು, ಅಷ್ಟೇ. ‘ಗೆ’ ಅನ್ನುವ ವಿಭಕ್ತಿ ಪ್ರತ್ಯಯ ಸಿಂದಗಿಯ ಬೆನ್ನಿಗೆ ಅಂಟಿಕೊಂಡಿರುವುದರಿಂದ ಆ ಶಬ್ದ ಎಲ್ಲಿಗೆ ಹೋದರೂ ತನ್ನ ಸಂಬಂಧವನ್ನು ಜೊತೆಗೇ ಒಯ್ಯುತ್ತದೆ. ಇಂಗ್ಲಿಷಿನಲ್ಲಿ ಆ ಕೆಲಸ ಮಾಡುವ ಪ್ರಿಪೊಸಿಷನ್ ನಾಮಪದದ ಮುಂದೆ ನಿಲ್ಲುತ್ತದೆ, ಕ್ರಿಯಾಪದ ಕರ್ತೃವಿನ ಹಿಂದೆಯೇ ಬಂದುಬಿಡುತ್ತದೆ, ಯಾರು ಯಾರ ಪಕ್ಕದಲ್ಲಿ ಕೂತಿದ್ದಾರೆ ಅನ್ನುವುದೇ ವ್ಯಾಕರಣವಾಗುತ್ತದೆ.

‘ಎಷ್ಟು ಸಲ’ ಎಂದು ತಿಳಿಸುವ ಈ ಆ್ಯಡ್ವರ್ಬುಗಳ ನಂಟು ಮೂಲತಃ ಕ್ರಿಯಾಪದದ ಜೊತೆ. ಆ್ಯಮ್, ಈಸ್, ಆರ್, ವಾಸ್, ವರ್ ಬಂದರೆ ಅವುಗಳ ಹಿಂದೆ ಕೂಡ್ರುತ್ತವೆ. ‘ಶಿ ಈಸ್ ಯೂಶುವಲಿ ಅಟ್ ಹೋಮ್.’ ‘ದೆ ವರ್ ಆಫನ್ ಇನ್ ಇಂಡಿ.’ ಕನ್ನಡದಲ್ಲಿ ಕೊನೆಗೆ ಬರುವ ‘ಇರ್ತಾನ, ಇದ್ದಳು’ ಇಂಗ್ಲಿಷಿನಲ್ಲಿ ಮುಂದಕ್ಕೆ ಜಿಗಿದದ್ದರಿಂದ ಆ್ಯಡ್ವರ್ಬಿನ ಬಲಗಡೆ ಪ್ರಿಪೊಸಿಷನ್ನಿನ ಪದಗುಚ್ಛ ಮಾತ್ರ ಉಳಿಯಿತು. ಹೀಗಾಗಿ ಇವೆರಡರದೇ ಜೋಡಿ ಎಂಬ ಭ್ರಮೆ ಹುಟ್ಟುತ್ತದೆ. ಗೋ, ವರ್ಕ್, ಸ್ಲೀಪ್, ಲಿವ್ ಥರದ ಕ್ರಿಯಾಪದ ಒಂಟಿಯಾಗಿ ಬಂದರೆ ಆ್ಯಡ್ವರ್ಬು ಅದಕ್ಕಿಂತ ಮೊದಲು: ‘ಹಿ ಯೂಶುವಲಿ ಸ್ಲೀಪ್ಸ್ ಇನ್ ದ ಶಾಪ್.’ ಸಹಾಯಕ ಕ್ರಿಯಾಪದ ಜೊತೆಗಿದ್ದರೆ ಎರಡರ ನಡುವೆ: ‘ಶಿ ಹ್ಯಾಸ್ ಆಲ್ವೇಸ್ ಲಿವ್ಡ್ ಇನ್ ಮುದ್ದೇಬಿಹಾಳ.’ ಪ್ರಶ್ನೆ ಕೇಳುವಾಗ ‘ಆರ್’ ಮುಂದಕ್ಕೆ ಹೋದರೂ ಆ್ಯಡ್ವರ್ಬು ಕರ್ತೃವನ್ನು ದಾಟಿ ಹೋಗುವುದಿಲ್ಲ: ‘ಆರ್ ಯು ಆಲ್ವೇಸ್ ಇನ್ ದ ಶಾಪ್?’

1930ರ ದಶಕದಿಂದ ಭಾರತದ ಶಾಲೆಗಳಲ್ಲಿ ಓಡಾಡುತ್ತಿರುವ ರೆನ್ ಮತ್ತು ಮಾರ್ಟಿನ್ ವ್ಯಾಕರಣ ಹೇಳುವುದೂ ಹೆಚ್ಚುಕಡಿಮೆ ಇಷ್ಟನ್ನೇ. ಅದನ್ನು ಬರೆದವರಲ್ಲಿ ಒಬ್ಬರಾದ ಪಿ. ಸಿ. ರೆನ್ ಮುಂಬಯಿ ಇಲಾಖೆಯ ಶಿಕ್ಷಣ ಖಾತೆಯಲ್ಲಿ ದುಡಿದವರು. ಈಗ ವಿಜಯಪುರ ಎನ್ನುವ ನಮ್ಮ ವಿಜಾಪುರ ಜಿಲ್ಲೆಯೂ ಆಗ ಅದೇ ಇಲಾಖೆಯಲ್ಲಿತ್ತು. 1924ರಲ್ಲಿ ‘ಬೋ ಜೆಸ್ಟ್’ ಎಂಬ ಸಾಹಸ ಕಾದಂಬರಿ ಬರೆದು ಹೆಸರಾದವರೂ ಅವರೇ. ನಮ್ಮ ಕಡೆ ಆ ಕಾದಂಬರಿಯನ್ನು ಓದಿದವರಿಗಿಂತ ಅವರ ವ್ಯಾಕರಣಕ್ಕೆ ಹೆದರಿದವರೇ ಹೆಚ್ಚು.

ನಿಯಮ ಕಲಿತ ಮೇಲೆ ಇಂಗ್ಲಿಷ್ ಪತ್ರಿಕೆ ಓದಲು ಕುಳಿತರೆ ಒಂದು ಗೊಂದಲ ಕಾದಿರುತ್ತದೆ. ‘ಹಿ ಗೋಸ್ ಆಫನ್ ಟು ದ ವಿಲೇಜಸ್ ಅಲಾಂಗ್ ದ ಭೀಮಾ’ ಎಂಬಂಥ ವಾಕ್ಯ ಸಿಗುತ್ತದೆ. ಕ್ರಿಯಾಪದ ಆದ ಮೇಲೆ ಆ್ಯಡ್ವರ್ಬು, ಅದರ ಬಲಕ್ಕೆ ಪ್ರಿಪೊಸಿಷನ್. ಹುಡುಗನ ವಾಕ್ಯ ತಪ್ಪು, ಇದು ಹೇಗೆ ಸರಿ? ಇದನ್ನು ಒರೆಗೆ ಹಚ್ಚಲು ಸುಲಭದ ದಾರಿಯಿದೆ: ಆ ಆ್ಯಡ್ವರ್ಬನ್ನು ವಾಕ್ಯದ ಕಟ್ಟಕಡೆಗೆ ಒಯ್ದು ನೋಡಬೇಕು. ‘ಹಿ ಗೋಸ್ ಟು ಇಂಡಿ ಆಫನ್’ ಅನ್ನಬಹುದು. ಸಮ್‌ಟೈಮ್ಸ್, ಅಕೇಶನಲಿ, ರೆಗ್ಯುಲರ್ಲಿ ಕೂಡ ಕಡೆಗೆ ಒಗ್ಗುತ್ತವೆ. ಕಡೆಯಲ್ಲಿ ಕೂಡ್ರಬಲ್ಲದ್ದು ಪ್ರಿಪೊಸಿಷನ್ನಿನ ಎದುರಿಗೂ ಕೂಡ್ರಬಲ್ಲದು. ಪದಗುಚ್ಛ ಉದ್ದವಾಗಿದ್ದರೆ ಅಲ್ಲಿ ಕೂಡ್ರುವುದೇ ಲೇಸು. ಇಲ್ಲವಾದರೆ ‘ಆಫನ್’ ಭೀಮಾ ತೀರದ ಹಳ್ಳಿಗಳನ್ನೆಲ್ಲ ದಾಟಿ ಕ್ರಿಯಾಪದದಿಂದ ಬಹುದೂರ ಹೋಗಿಬಿಡುತ್ತದೆ. ‘ಹಿ ಗೋಸ್ ಟು ಇಂಡಿ ನೆವರ್’ ಎಂದು ಯಾರೂ ಅನ್ನುವುದಿಲ್ಲ. ‘ಆಲ್ವೇಸ್’ ಕೂಡ ಕಡೆಯಲ್ಲಿ ಒಗ್ಗುವುದು ಅಪರೂಪ. ಆದ್ದರಿಂದ ‘ಗೋಸ್ ಆಲ್ವೇಸ್ ಟು’, ‘ಗೋಸ್ ನೆವರ್ ಟು’ ಕಿವಿಗೆ ಕುಟುಕುತ್ತವೆ. ‘ಯೂಶುವಲಿ’ ಎರಡರ ನಡುವೆ ತೂಗಾಡುವ ಪೈಕಿ. ಪರೀಕ್ಷೆಯಲ್ಲಿ ಅದನ್ನು ಕ್ರಿಯಾಪದದ ಹಿಂದಕ್ಕೆ ತಳ್ಳುವ ಸಾಹಸ ಬೇಡ.

ಈ ಸಡಿಲಿಕೆ ಪ್ರಿಪೊಸಿಷನ್ ಇದ್ದಾಗ ಮಾತ್ರ. ಕರ್ಮಪದ ನೇರವಾಗಿ ಬಂದರೆ ಇಂಗ್ಲಿಷ್ ನಡುವೆ ಯಾರನ್ನೂ ಬಿಟ್ಟುಕೊಳ್ಳುವುದಿಲ್ಲ. ‘ಶಿ ಸ್ಪೀಕ್ಸ್ ಆಫನ್ ಟು ಹರ್ ಬ್ರದರ್’ ನಡೆದೀತು. ‘ಶಿ ಸ್ಪೀಕ್ಸ್ ಆಫನ್ ಇಂಗ್ಲಿಷ್’ ನಡೆಯದು.

ಆ್ಯಡ್ವರ್ಬು ನಿಜಕ್ಕೂ ಪ್ರಿಪೊಸಿಷನ್ನಿನ ಗುಚ್ಛದ ಜೊತೆಯೇ ಕಟ್ಟಿಕೊಳ್ಳುವ ಸಂದರ್ಭಗಳೂ ಇವೆ. ಕ್ರಿಯಾಪದವೇ ಇಲ್ಲದ ಚುಟುಕು ಉತ್ತರ ಅವುಗಳಲ್ಲಿ ಒಂದು. ‘ಹೊಲಕ್ಕೆ ನೀರು ಯಾವಾಗ ಬಿಡ್ತೀರಿ?’ ಎಂದು ಹೊರಗಿನವರು ಇಂಗ್ಲಿಷಿನಲ್ಲಿ ಕೇಳಿದರೆ, ತ್ರೀಫೇಸ್ ಕರೆಂಟಿಗೆ ಕಾದು ರಾತ್ರಿ ಪಂಪ್‌ಸೆಟ್ ಚಾಲೂ ಮಾಡುವ ರೈತ ‘ಯೂಶುವಲಿ ಅಟ್ ನೈಟ್’ ಅಂದರೆ ಸಾಕು. ಪೂರ್ಣ ವಾಕ್ಯ ಕಟ್ಟಲು ಹೋಗಿ ತಡವರಿಸುವುದಕ್ಕಿಂತ ಇದೇ ಸಹಜ ಇಂಗ್ಲಿಷ್. 1960ರ ಪ್ರಸಿದ್ಧ ಗ್ರೀಕ್ ಚಲನಚಿತ್ರದ ಇಂಗ್ಲಿಷ್ ಹೆಸರು ‘ನೆವರ್ ಆನ್ ಸಂಡೇ’. ಕರ್ತೃವೂ ಇಲ್ಲ, ಕ್ರಿಯಾಪದವೂ ಇಲ್ಲ. ಹೇಳಿದ ಮಾತಿಗೆ ಹಿಂದಿನಿಂದ ವಿವರ ಸೇರಿಸುವುದು ಇನ್ನೊಂದು ಸಂದರ್ಭ: ‘ದೆ ಸೆಲ್ ದೇರ್ ಲೆಮನ್ಸ್, ಆಫನ್ ಇನ್ ಇಂಡಿ.’ ನಿಂಬೆ ಮಾರುತ್ತಾರೆ ಅನ್ನುವುದು ಮೊದಲ ಸುದ್ದಿ. ಎಲ್ಲಿ ಅನ್ನುವುದು ಆಮೇಲೆ ನೆನಪಾಗಿ ಹೇಳಿದ್ದು. ಆ ಅಲ್ಪವಿರಾಮ ಅಲ್ಲಿ ಇರಲೇಬೇಕು.

ಅಂಕ ಹೋದರೆ ಹೋಗಲಿ, ಅರ್ಥವೇ ತಿರುಗಿಬಿಡುವ ಜಾಗ ‘ನಾಟ್’. ದೇವರ ಹಿಪ್ಪರಗಿಯಿಂದ ವಿಜಯಪುರದ ಕಾಲೇಜಿಗೆ ಓಡಾಡುವ ಹುಡುಗಿ ಬಸ್ಸಿನ ಬಗ್ಗೆ ಇಂಗ್ಲಿಷಿನಲ್ಲಿ ಅರ್ಜಿ ಬರೆಯುತ್ತಾಳೆ ಅಂದುಕೊಳ್ಳಿ. ‘ದ ಬಸ್ ಈಸ್ ನಾಟ್ ಆಲ್ವೇಸ್ ಆನ್ ಟೈಮ್’ ಎಂದು ಬರೆದರೆ ಕೆಲವು ದಿನ ತಡವಾಗುತ್ತದೆ, ಉಳಿದ ದಿನ ಸರಿಯಾಗಿ ಬರುತ್ತದೆ ಎಂದಾಯಿತು. ಓದಿದ ಅಧಿಕಾರಿ ಅರ್ಜಿಯನ್ನು ಪಕ್ಕಕ್ಕಿಡಬಹುದು. ‘ದ ಬಸ್ ಈಸ್ ನೆವರ್ ಆನ್ ಟೈಮ್’ ಎಂದರೆ ಒಂದು ದಿನವೂ ಹೊತ್ತಿಗೆ ಬಂದಿಲ್ಲ. ಇದು ಗಂಭೀರ ದೂರು. ಸುಳ್ಳಾದರೆ ದೂರಿದವಳಿಗೇ ತೊಂದರೆ. ನಾವು ಎಡವುವುದು ಇವೆರಡರ ನಡುವೆ. ‘ಬಸ್ಸು ಯಾವಾಗ್ಲೂ ಟೈಮಿಗೆ ಬರೂದಿಲ್ಲ’ ಅನ್ನುವ ಕನ್ನಡದಲ್ಲಿ ಎರಡೂ ಅರ್ಥ ಅಡಗಿವೆ, ಬೇರ್ಪಡಿಸುವುದು ದನಿ. ‘ಇಲ್ಲ’ ಕೊನೆಯಲ್ಲಿ ನಿಂತು ಇಡೀ ವಾಕ್ಯವನ್ನು ಆವರಿಸುತ್ತದೆ. ಕಾಗದದ ಮೇಲೆ ದನಿ ಇಲ್ಲ. ಹಾಗಾಗಿ ಬರೆಯುವ ಮೊದಲು ಕನ್ನಡದಲ್ಲೇ ಬಿಡಿಸಿಕೊಳ್ಳುವುದು ಒಳ್ಳೆಯದು: ‘ಯಾವಾಗ್ಲೂ ಟೈಮಿಗೆ ಬರತದ ಅಂತೇನಿಲ್ಲ’ ಅನ್ನುವುದಾದರೆ ‘ನಾಟ್ ಆಲ್ವೇಸ್’, ‘ಒಂದು ದಿನಾನೂ ಬರೂದಿಲ್ಲ’ ಅನ್ನುವುದಾದರೆ ‘ನೆವರ್’. ‘ಸಮ್‌ಟೈಮ್ಸ್’ ಮಾತ್ರ ‘ನಾಟ್’ಗಿಂತ ಮೊದಲೇ ಕೂಡ್ರುತ್ತದೆ: ‘ದ ಬಸ್ ಈಸ್ ಸಮ್‌ಟೈಮ್ಸ್ ನಾಟ್ ಆನ್ ಟೈಮ್.’

ದಿನಾ, ವಾರಕ್ಕೊಮ್ಮೆ, ತಿಂಗಳಿಗೆರಡು ಸಲ ಎಂಬ ಲೆಕ್ಕದ ಮಾತುಗಳದು ಬೇರೆ ಜಾತಿ. ಅವು ಸಾಮಾನ್ಯವಾಗಿ ಪ್ರಿಪೊಸಿಷನ್ನಿನ ಮುಂದೆ ಬರುವುದಿಲ್ಲ, ಸ್ಥಳ ಹೇಳಿ ಮುಗಿದ ಮೇಲೆ ಬರುತ್ತವೆ: ‘ಹಿ ಗೋಸ್ ಟು ಸಿಂದಗಿ ಎವ್ರಿ ಡೇ.’ ‘ಹಿ ಡೈಲಿ ಗೋಸ್ ಟು ಸಿಂದಗಿ’ ಅನ್ನುವುದು ಭಾರತದ ಇಂಗ್ಲಿಷಿನಲ್ಲಿ ಬೇರೂರಿದೆ. ಅದನ್ನು ಆಡಿದವರನ್ನು ನೋಡಿ ನಗುವುದು ಜಂಬದ ಮಾತಾದೀತು. ತಪ್ಪು ಹುಡುಕುವ ಪ್ರಶ್ನೆಪತ್ರಿಕೆಯಲ್ಲಿ ಮಾತ್ರ ಕಡೆಗೇ ಹಾಕಿ.

ಅದೇ ಪ್ರಶ್ನೆಪತ್ರಿಕೆಗಳು ಇಷ್ಟಪಡುವ ಇನ್ನೆರಡು ಸುಳಿಗಳಿವೆ. ‘ಹ್ಯಾವ್ ಟು’, ‘ಯೂಸ್ಡ್ ಟು’ ಬಂದಾಗ ಆ್ಯಡ್ವರ್ಬು ಅವಕ್ಕಿಂತ ಮೊದಲು: ‘ಐ ಆಫನ್ ಹ್ಯಾವ್ ಟು ಗೋ ಟು ಬಸವನ ಬಾಗೇವಾಡಿ.’ ಇನ್ನು, ‘ಈಸ್’ ಹಿಂದೆ ಏನೂ ಉಳಿಯದಿದ್ದರೆ ಆ್ಯಡ್ವರ್ಬು ಅದರ ಮುಂದಕ್ಕೆ ಸರಿಯುತ್ತದೆ. ‘ಈಸ್ ಹಿ ಇನ್ ದ ಫೀಲ್ಡ್?’ ಎಂದು ಕೇಳಿದರೆ ‘ಹಿ ಈಸ್ ಆಲ್ವೇಸ್’ ಎಂದು ನಿಲ್ಲಿಸುವಂತಿಲ್ಲ. ‘ಹಿ ಆಲ್ವೇಸ್ ಈಸ್’ ಅನ್ನಬೇಕು.