ಹಿಮದಂಗಳಕ್ಕೆ ಬಿದ್ದ ಬೀಗ

ಹಾಕಿ ಎಂದೊಡನೆ ಭಾರತೀಯರ ಕಣ್ಣಿಗೆ ಕಟ್ಟುವುದು ಹಸಿರು ಮೈದಾನ. ಕೆನಡಾ ದೇಶದವರಿಗಾದರೋ ಹಾಕಿ ಎಂದರೆ ಮಂಜುಗಡ್ಡೆಯ ಅಂಗಳ. ಉಕ್ಕಿನ ಅಲಗುಳ್ಳ ಪಾದರಕ್ಷೆಗಳನ್ನು ತೊಟ್ಟು, ಪಕ್ಷಕ್ಕೆ ಆರು ಮಂದಿಯಂತೆ, ರಬ್ಬರಿನ ಬಿಲ್ಲೆಯೊಂದನ್ನು ಕೋಲಿನಿಂದ ಅಟ್ಟಾಡಿಸುವ ಈ ಆಟ ಅಲ್ಲಿನ ಚಳಿಗಾಲದ ಜೀವಾಳ. ಶನಿವಾರದ ರಾತ್ರಿ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಪಂದ್ಯ ನೋಡುವುದು ಅಲ್ಲಿ ತಲೆಮಾರುಗಳಿಂದ ಬಂದ ವಾಡಿಕೆ. ಅಂತಹ ನಾಡಿನಲ್ಲಿ 2004-05ರ ಚಳಿಗಾಲ ನ್ಯಾಷನಲ್ ಹಾಕಿ ಲೀಗಿನ ಒಂದು ಪಂದ್ಯವೂ ಇಲ್ಲದೆ ಕಳೆದುಹೋಯಿತು. ಯುದ್ಧವಿರಲಿಲ್ಲ, ಸಾಂಕ್ರಾಮಿಕವಿರಲಿಲ್ಲ. ಇದ್ದುದು ತಂಡಗಳ ಒಡೆಯರಿಗೂ ಆಟಗಾರರಿಗೂ ನಡುವಣ ಸಂಬಳದ ಜಗಳ.

ಹಳೆಯ ಅಪನಂಬಿಕೆ

ಈ ಜಗಳದ ಬೇರು ಆಳವಾದುದು. 1917ರಲ್ಲಿ ಮಾಂಟ್ರಿಯಲ್ ನಗರದಲ್ಲಿ ಹುಟ್ಟಿದ ಲೀಗಿನಲ್ಲಿ ಬಹುಕಾಲ ಒಡೆಯನ ಮಾತೇ ಕಟ್ಟಳೆ. 1957ರಲ್ಲಿ ಡೆಟ್ರಾಯಿಟ್ ತಂಡದ ಹೆಸರಾಂತ ಆಟಗಾರ ಟೆಡ್ ಲಿಂಡ್ಸೆ ಜೊತೆಗಾರರನ್ನು ಕೂಡಿಸಿ ಸಂಘ ಕಟ್ಟಲು ಹೊರಟ. ಅದೇ ವರ್ಷ ಅವನನ್ನು ಷಿಕಾಗೋ ತಂಡಕ್ಕೆ ಸಾಗಹಾಕಲಾಯಿತು, ಸಂಘ ಕುಸಿದುಬಿತ್ತು. ಕಡೆಗೆ 1967ರಲ್ಲಿ ಆಟಗಾರರ ಸಂಘವೊಂದು ನೆಲೆಗೊಂಡಿತು. ಆದರೆ ಅದನ್ನು ದೀರ್ಘಕಾಲ ನಡೆಸಿದ ಅಲನ್ ಈಗಲ್‌ಸನ್ 1998ರಲ್ಲಿ ವಂಚನೆಯ ಆರೋಪಗಳನ್ನು ತಾನೇ ಒಪ್ಪಿಕೊಂಡು ಸೆರೆಮನೆ ಸೇರಿದ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು!

ಅವನ ತರುವಾಯ ಸಂಘದ ಸೂತ್ರ ಹಿಡಿದ ಬಾಬ್ ಗುಡ್‌ಇನೋ ಸುಲಭವಾಗಿ ಬಾಗುವವನಾಗಿರಲಿಲ್ಲ. 1992ರ ಏಪ್ರಿಲ್‌ನಲ್ಲಿ ಆಟಗಾರರು 10 ದಿನ ಮುಷ್ಕರ ಹೂಡಿದರು. 1994ರಲ್ಲಿ ಒಡೆಯರ ಸರದಿ. ಅವರು ಮೂರು ತಿಂಗಳಿಗೂ ಮೀರಿ ಬೀಗಮುದ್ರೆ ಹಾಕಿದರು. 84 ಪಂದ್ಯಗಳಾಗಬೇಕಿದ್ದ ಋತು 48ಕ್ಕೆ ಇಳಿಯಿತು.

ಅರುವತ್ತೈದು ಲಕ್ಷದ ಅಂತರ

2004ರ ವೇಳೆಗೆ ಲೀಗಿನಲ್ಲಿ 30 ತಂಡಗಳು. ಅವುಗಳಲ್ಲಿ 24 ಅಮೆರಿಕ ಸಂಯುಕ್ತ ಸಂಸ್ಥಾನದವು. ಆ ವರ್ಷದ ಫೆಬ್ರುವರಿಯಲ್ಲಿ ಲೀಗು ನೇಮಿಸಿದ್ದ ಆರ್ಥರ್ ಲೆವಿಟ್ ಎಂಬ ಹಣಕಾಸು ತಜ್ಞನ ವರದಿ ಹೊರಬಿತ್ತು. 2002-03ರಲ್ಲಿ ತಂಡಗಳಿಗಾದ ನಷ್ಟ 27 ಕೋಟಿ 30 ಲಕ್ಷ ಡಾಲರು. ಆದಾಯದಲ್ಲಿ ನೂರಕ್ಕೆ 75 ಪಾಲು ಆಟಗಾರರ ಖರ್ಚಿಗೇ ಸಂದಾಯ, ಎಂದಿತು ವರದಿ. ಪ್ರತಿಯೊಂದು ತಂಡದ ಒಟ್ಟು ಸಂಬಳಕ್ಕೆ ಮಿತಿ ಬೇಕೆಂದು ಕಮಿಷನರ್ ಗ್ಯಾರಿ ಬೆಟ್ಮನ್ ಪಟ್ಟು ಹಿಡಿದ. ಆಟಗಾರರ ಸಂಘ ಈ ಲೆಕ್ಕವನ್ನು ನಂಬಲಿಲ್ಲ. ಪೈಪೋಟಿಯ ಮೇಲೆ ಸಂಬಳ ಏರಿಸಿದವರು ಒಡೆಯರೇ ಅಲ್ಲವೆ? ಅವರ ಕೈ ಕಟ್ಟುವ ಭಾರ ಆಟಗಾರರಿಗೇಕೆ?

ಹಳೆಯ ಒಪ್ಪಂದ ಸೆಪ್ಟೆಂಬರ್ 15ಕ್ಕೆ ಮುಗಿಯಿತು. ಅದರ ಹಿಂದಿನ ದಿನವಷ್ಟೇ ಟೊರಾಂಟೋದಲ್ಲಿ ಕೆನಡಾ ತಂಡ ಫಿನ್ಲೆಂಡನ್ನು ಸೋಲಿಸಿ ವಿಶ್ವಕಪ್ ಗೆದ್ದಿತ್ತು. ಆ ಜಯಘೋಷ ಅಡಗುವ ಮುನ್ನವೇ ಅಂಗಳಗಳಿಗೆ ಬೀಗ ಬಿತ್ತು.

ಡಿಸೆಂಬರ್‌ನಲ್ಲಿ ಆಟಗಾರರು ತಮ್ಮ ಸಂಬಳವನ್ನು ನೂರಕ್ಕೆ 24ರಷ್ಟು ಇಳಿಸಿಕೊಳ್ಳಲು ತಾವಾಗಿಯೇ ಮುಂದೆ ಬಂದರು. ಮಿತಿ ಇಲ್ಲದ ಒಪ್ಪಂದ ಬೇಡವೆಂದರು ಒಡೆಯರು. ಫೆಬ್ರುವರಿ ಹೊತ್ತಿಗೆ ಆಟಗಾರರು ಮಿತಿಯನ್ನೂ ಒಪ್ಪಿದರು. ಇನ್ನುಳಿದುದು ಮೊತ್ತದ ಪ್ರಶ್ನೆ. ತಂಡವೊಂದಕ್ಕೆ 4 ಕೋಟಿ 25 ಲಕ್ಷ ಡಾಲರು ಎಂದರು ಒಡೆಯರು. 4 ಕೋಟಿ 90 ಲಕ್ಷ ಎಂದಿತು ಸಂಘ. 65 ಲಕ್ಷದ ಆ ಅಂತರವನ್ನು ದಾಟಲು ಯಾರೂ ಒಂದು ಹೆಜ್ಜೆ ಮುಂದಿಡಲಿಲ್ಲ. 2005ರ ಫೆಬ್ರುವರಿ 16ರಂದು ಬೆಟ್ಮನ್ ಋತುವನ್ನೇ ರದ್ದುಗೊಳಿಸಿದ. ನಾಕ್‌ಔಟ್ ಸುತ್ತಿಗೆ ಮುನ್ನ ನಡೆಯಬೇಕಿದ್ದ 1,230 ಪಂದ್ಯಗಳಲ್ಲಿ ಒಂದೂ ನಡೆಯಲಿಲ್ಲ.

ಕೂಸು ಬಡವಾಯಿತು

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಯಿತು. ಸಿರಿವಂತ ಒಡೆಯನಿಗೆ ಒಂದು ವರ್ಷದ ನಷ್ಟ ತಾಳಬಹುದಾದುದು. ಯಾರೋಮಿರ್ ಯಾಗರ್‌ನಂತಹ ತಾರೆಗೆ ರಷ್ಯದಲ್ಲಿ ಕೋಲು ಹಿಡಿಯಲು ಎಡೆಯುಂಟು. ಆದರೆ ಆಟದ ರಾತ್ರಿಗಳನ್ನೇ ನೆಚ್ಚಿಕೊಂಡವರ ಗತಿ? ಚೀಟಿ ಹರಿಯುವವರು, ತಿಂಡಿ ಮಾರುವವರು, ಅಂಗಳದ ಸುತ್ತಲಿನ ಹೋಟೆಲುಗಳ ಮಾಣಿಗಳು — ಮಾತುಕತೆಯ ಮೇಜಿನಲ್ಲಿ ಇವರಿಗೆ ಕುರ್ಚಿ ಇರಲಿಲ್ಲ. ಹಿರಿಯ ಆಟಗಾರರಿಗೂ ಕಳೆದ ವರ್ಷ ಮರಳಲಿಲ್ಲ. ಮಾರ್ಕ್ ಮೆಸಿಯರ್, ರಾನ್ ಫ್ರಾನ್ಸಿಸ್, ಸ್ಕಾಟ್ ಸ್ಟೀವನ್ಸ್ ಮುಂತಾದ ಮಹಾರಥಿಗಳು 2005ರಲ್ಲಿ, ಲೀಗಿನ ಅಂಗಳಕ್ಕೆ ಮತ್ತೆ ಇಳಿಯದೆಯೇ, ನಿವೃತ್ತರಾದರು.

1893ರಿಂದ ವಿಜೇತರ ಕೈಸೇರುತ್ತ ಬಂದ ಸ್ಟ್ಯಾನ್ಲಿ ಕಪ್ ಆ ವರ್ಷ ಯಾರಿಗೂ ಸಲ್ಲಲಿಲ್ಲ. ಹಿಂದೊಮ್ಮೆ, 1919ರಲ್ಲಿ, ಇನ್‌ಫ್ಲುಯೆನ್ಜಾ ಜ್ವರದಿಂದ ಅಂತಿಮ ಪಂದ್ಯಗಳು ನಿಂತಿದ್ದವು. ಅದು ವಿಧಿಯ ಆಟ. ಇದು ಮನುಷ್ಯರ ಹಟ. ಟೊರಾಂಟೋದ ಕೆಲವು ಹವ್ಯಾಸಿ ಆಟಗಾರರು ಕಪ್ ಲೀಗಿನ ಸ್ವತ್ತಲ್ಲವೆಂದು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದರು. ಲೀಗು ಆಡದ ವರ್ಷ ಧರ್ಮದರ್ಶಿಗಳು ಕಪ್ಪನ್ನು ಬೇರೆ ತಂಡಕ್ಕೆ ಕೊಡಬಹುದೆಂದು 2006ರಲ್ಲಿ ರಾಜಿಯಾಯಿತು.

ಗೆದ್ದವರಾರು?

2005ರ ಜುಲೈನಲ್ಲಿ ಒಪ್ಪಂದವೇನೋ ಆಯಿತು. ಮಿತಿ 3 ಕೋಟಿ 90 ಲಕ್ಷ ಡಾಲರು, ಫೆಬ್ರುವರಿಯಲ್ಲಿ ಆಟಗಾರರು ಬೇಡವೆಂದ ಮೊತ್ತಕ್ಕಿಂತಲೂ ಕಡಮೆ! ಅದರ ಮೇಲೆ 24ರ ಕಡಿತ. ಗುಡ್‌ಇನೋ ಹುದ್ದೆ ಬಿಟ್ಟ. ಒಡೆಯರು ಗೆದ್ದರೆಂದು ಜನ ಭಾವಿಸಿದರು. ಆದರೆ ಹೊಸ ಮಿತಿ ಆದಾಯಕ್ಕೆ ತಕ್ಕಂತೆ ಏರತಕ್ಕದ್ದಾಗಿತ್ತು. ಆದಾಯ ಏರಿತು, 2007-08ರ ಋತುವಿಗೆ ಮಿತಿ 5 ಕೋಟಿ 3 ಲಕ್ಷ ಡಾಲರು ಮುಟ್ಟಿತು. ಅಂದರೆ, ಯಾವ ಮೊತ್ತ ಕೊಡಲಾರೆವೆಂದು ಒಡೆಯರು ಒಂದು ಇಡೀ ವರ್ಷವನ್ನು ಬಲಿಗೊಟ್ಟರೋ, ಅದನ್ನು ಮೂರನೆಯ ಋತುವಿನಲ್ಲೇ ಮೀರಿದ ಹಣ ತಂಡಗಳಿಂದ ಸಲ್ಲುವಂತಾಯಿತು.

ಆದರೂ 2012ರಲ್ಲಿ ಮತ್ತೆ ಬೀಗ ಬಿತ್ತು; ಆದಾಯದಲ್ಲಿ ಆಟಗಾರರ ಪಾಲು ನೂರಕ್ಕೆ 57ರಿಂದ 50ಕ್ಕೆ ಇಳಿಯಿತು, ಪಂದ್ಯಗಳು ಮತ್ತೆ 48ಕ್ಕೆ ಇಳಿದವು. ಕೆಟ್ಟ ಮೇಲೆ ಬುದ್ಧಿ ಬರಲು ಇನ್ನಷ್ಟು ಕಾಲ ಬೇಕಾಯಿತು. 2025ರ ಜುಲೈನಲ್ಲಿ, ಹಳೆಯ ಒಪ್ಪಂದ ಮುಗಿಯಲು ವರ್ಷಕ್ಕೂ ಹೆಚ್ಚು ಕಾಲವಿರುವಾಗಲೇ, ಎರಡೂ ಕಡೆಯವರು 2030ರವರೆಗಿನ ಹೊಸ ಒಪ್ಪಂದಕ್ಕೆ ಬಂದರು. ಬೀಗವಿಲ್ಲ, ಬೆದರಿಕೆಯಿಲ್ಲ. ವಿಜೇತರ ಹೆಸರುಗಳ ನಡುವೆ ಸ್ಟ್ಯಾನ್ಲಿ ಕಪ್ಪಿನ ಬೆಳ್ಳಿಯಲ್ಲಿ ಆ ಋತು ಆಡಲಾಗಲಿಲ್ಲವೆಂದು ಕೆತ್ತಿಸಿದ ಸಾಲು, ಇದಕ್ಕೆ ತೆತ್ತ ಬೆಲೆಯನ್ನು ನೆನಪಿಸುತ್ತಿದೆ.