ವಸಂತ ಋತುವಿನಲ್ಲಿ ಮನೆಯಂಗಳದ ಹೂದೋಟ: ಬದಲಾವಣೆಗಳು ಮತ್ತು ನಿರ್ವಹಣೆ

ಚೈತ್ರ ಮತ್ತು ವೈಶಾಖ ಮಾಸಗಳನ್ನು ವಸಂತ ಋತುವೆಂದು ಕರೆಯಲಾಗುತ್ತದೆ. ರಾಜ್ಯದಲ್ಲಿ ಇದು ಬಿಸಿಲು ಏರುವ ಕಾಲವೂ ಆಗಿರುತ್ತದೆ. ಈ ಅವಧಿಯಲ್ಲಿ ಕೆಲವು ಗಿಡಗಳು ಚಿಗುರಿ ಹೂ ಬಿಟ್ಟರೆ, ಮತ್ತೆ ಕೆಲವು ಹೂ ಮುಗಿಸಿ ಒಣಗುತ್ತವೆ. ಆದರೆ ಒಣಗಿದಂತೆ ಕಾಣುವ ಗಿಡಗಳೆಲ್ಲವೂ ಸತ್ತಿರುವುದಿಲ್ಲ. ಈ ವ್ಯತ್ಯಾಸವನ್ನು ಅರಿಯದೆ ಉತ್ತಮ ಗಿಡಗಳನ್ನು ಕಿತ್ತೆಸೆಯುವುದು ಅಥವಾ ಅತಿಯಾಗಿ ನೀರುಣಿಸಿ ಬೇರು ಕೊಳೆಯುವಂತೆ ಮಾಡುವುದು ಸಾಮಾನ್ಯವಾಗಿದೆ. ಆದ್ದರಿಂದ ಸಾರ್ವಜನಿಕರ ಅನುಕೂಲಕ್ಕಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ದುಂಡುಮಲ್ಲಿಗೆ
ಮಲ್ಲಿಗೆಯ ಹೂವು ಹೊಸ ಚಿಗುರಿನಲ್ಲಿ ಮೂಡುತ್ತದೆ. ಈ ಕಾರಣದಿಂದಲೇ ಗಿಡವನ್ನು ಚಳಿಗಾಲದಲ್ಲಿ ಸವರಲಾಗುತ್ತದೆ. ಹೀಗೆ ಸವರಿದ ಗಿಡವು ಮಾರ್ಚ್ ತಿಂಗಳಿನಿಂದ ಮೊಗ್ಗು ಬಿಡಲಾರಂಭಿಸುತ್ತದೆ. ಸವರಲು ತಪ್ಪಿದವರು ಈಗ ಗಿಡವನ್ನು ಪೂರ್ಣವಾಗಿ ಕತ್ತರಿಸಬಾರದು. ಹೂ ಮುಗಿದ ರೆಂಬೆಗಳ ತುದಿಯನ್ನು ಮಾತ್ರ ತೆಗೆಯಬೇಕು. ರಂಧ್ರವಿರುವ ಅಥವಾ ನೇರಳೆ ಬಣ್ಣಕ್ಕೆ ತಿರುಗಿದ ಮೊಗ್ಗುಗಳು ಮೊಗ್ಗು ಕೊರೆಯುವ ಹುಳುವಿನ ಬಾಧೆಯ ಲಕ್ಷಣ. ಅಂತಹ ಮೊಗ್ಗುಗಳನ್ನು ಬಿಡಿಸಿ ನಾಶಪಡಿಸುವುದು.

2. ಸೇವಂತಿಗೆ
ಸೇವಂತಿಗೆಯು ಹಗಲು ಕಡಿಮೆಯಿರುವ ದಿನಗಳಲ್ಲಿ ಹೂ ಬಿಡುವ ಸಸ್ಯ. ವಸಂತದಲ್ಲಿ ಹಗಲಿನ ಅವಧಿ ಹೆಚ್ಚುವುದರಿಂದ ಹೂ ನಿಂತು ಕಾಂಡ ಒಣಗುತ್ತದೆ. ಬುಡದಲ್ಲಿ ಮರಿಗಿಡಗಳು ಮೂಡುತ್ತವೆ. ಹಳೆಯ ಕಾಂಡವನ್ನು ಕತ್ತರಿಸಿ ಬುಡವನ್ನು ಉಳಿಸಿಕೊಂಡಲ್ಲಿ ಈ ಮರಿಗಳೇ ಮುಂದಿನ ಹಂಗಾಮಿನ ಸಸಿಗಳಾಗುತ್ತವೆ.

3. ಗುಲಾಬಿ ಮತ್ತು ದಾಸವಾಳ
ಬಿಸಿಲು ಹೆಚ್ಚಿದಂತೆ ಗುಲಾಬಿಯ ಹೂ ಚಿಕ್ಕದಾಗುತ್ತದೆ ಮತ್ತು ಎಸಳು ಬೇಗ ಉದುರುತ್ತದೆ. ಇದು ರೋಗವಲ್ಲ. ಕುಂಡಗಳನ್ನು ಮಧ್ಯಾಹ್ನದ ನಂತರ ನೆರಳು ಬೀಳುವ ಕಡೆಗೆ ಸರಿಸುವುದು. ದಾಸವಾಳದ ಎಳೆಯ ಕುಡಿಗಳಲ್ಲಿ ಹತ್ತಿಯಂತಹ ಬಿಳಿ ಹಿಟ್ಟು ಕಂಡುಬಂದಲ್ಲಿ ಅದು ಹಿಟ್ಟು ತಿಗಣೆ. ಬಾಧೆಗೊಂಡ ಕುಡಿಗಳನ್ನು ಕತ್ತರಿಸಿ, ಉಳಿದ ಭಾಗಕ್ಕೆ ಬೇವಿನ ಎಣ್ಣೆ ಮತ್ತು ಸೋಪಿನ ತೆಳು ದ್ರಾವಣವನ್ನು ಸಂಜೆ ವೇಳೆ ಸಿಂಪಡಿಸುವುದು.

4. ಋತುಮಾನದ ಹೂಗಳು
ಪೆಟೂನಿಯಾ, ಫ್ಲಾಕ್ಸ್, ಪ್ಯಾನ್ಸಿ ಮುಂತಾದ ಚಳಿಗಾಲದ ಹೂಗಿಡಗಳ ಆಯುಷ್ಯ ಈ ವೇಳೆಗೆ ಮುಗಿಯುತ್ತದೆ. ಇವುಗಳನ್ನು ತೆಗೆದು, ಬಿಸಿಲು ತಾಳುವ ಜಿನಿಯಾ, ಕೋಳಿಜುಟ್ಟಿನ ಹೂ ಹಾಗೂ ಬಾಡದ ಹೂವಿನ ಬೀಜಗಳನ್ನು ಬಿತ್ತಬಹುದು.

5. ನೀರಿನ ಬಳಕೆ
ಬೆರಳನ್ನು ಮಣ್ಣಿನೊಳಗಿಟ್ಟು ತೇವವಿದೆಯೇ ಎಂದು ಪರೀಕ್ಷಿಸಿದ ನಂತರವೇ ನೀರು ಕೊಡಬೇಕು. ಬೆಳಿಗ್ಗೆ ಅಥವಾ ಸಂಜೆ ವೇಳೆ ಸೂಕ್ತ. ಬುಡಕ್ಕೆ ಒಣ ಎಲೆ ಅಥವಾ ತೆಂಗಿನ ನಾರನ್ನು ಹೊದಿಸಿದಲ್ಲಿ ತೇವಾಂಶ ಉಳಿಯುತ್ತದೆ. ಬೆಂಗಳೂರು ಜಲಮಂಡಳಿಯು 2024ರ ಮಾರ್ಚ್ ತಿಂಗಳಲ್ಲಿ ಕೈತೋಟಕ್ಕೆ ಕುಡಿಯುವ ನೀರಿನ ಬಳಕೆಯನ್ನು ನಿಷೇಧಿಸಿ, ಉಲ್ಲಂಘಿಸಿದವರಿಗೆ ರೂ. 5,000 ದಂಡವನ್ನು ನಿಗದಿಪಡಿಸಿತ್ತು. ಆದ್ದರಿಂದ ಅಕ್ಕಿ, ತರಕಾರಿ ತೊಳೆದ ನೀರನ್ನು ಗಿಡಗಳಿಗೆ ಬಳಸುವುದು ಸೂಕ್ತ.

ಸಸಿಗಳ ಲಭ್ಯತೆ ಹಾಗೂ ಹೆಚ್ಚಿನ ತಾಂತ್ರಿಕ ಮಾಹಿತಿಗಾಗಿ ಸಾರ್ವಜನಿಕರು ತಮ್ಮ ತಾಲ್ಲೂಕಿನ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರ ಕಚೇರಿಯನ್ನು ಸಂಪರ್ಕಿಸಬಹುದಾಗಿದೆ. ಬಾಧೆಗೊಂಡ ಎಲೆ ಅಥವಾ ಕುಡಿಯನ್ನು ಮುಚ್ಚಿದ ಚೀಲದಲ್ಲಿ ಜೊತೆಗೆ ತಂದಲ್ಲಿ ಪರಿಶೀಲನೆಗೆ ಅನುಕೂಲವಾಗುತ್ತದೆ.