ಡಬ್ಬಿಯ ಮೇಲಿನ ನಂಬರು

ಈಚೆಗೆ ಒಂದು ಸಂಜೆ ನಮ್ಮ ವಾಚನಾಲಯಕ್ಕೆ ಟಿಟ್ವಾಳಾದ ಒಬ್ಬ ತಾಯಿ ಏಳು ತಿಂಗಳ ಕೂಸನ್ನೆತ್ತಿಕೊಂಡು ಬಂದರು. "ಕಾಕಾ, ಕೂಸುಗಳ ಹಾಲಿನ ಪುಡಿಯನ್ನು ಕಂಪನಿಯವರು ಹಿಂದಕ್ಕೆ ತರಿಸುತ್ತಿದ್ದಾರಂತೆ. ನಮ್ಮದೂ ಅದರಲ್ಲಿದೆಯೇನು, ನೋಡಿ ಹೇಳ್ರಿ" ಎಂದು ಮೊಬೈಲು ಮುಂದೆ ಹಿಡಿದರು. ಸುದ್ದಿಯ ಕೆಳಗೆ ಬ್ಯಾಚ್ ನಂಬರುಗಳ ಪಟ್ಟಿ ಇತ್ತು. "ಡಬ್ಬಿ ಎಲ್ಲಿದೆ ತಾಯಿ?" ಎಂದು ಕೇಳಿದೆ. ಪುಡಿಯನ್ನು ಸ್ಟೀಲಿನ ಡಬ್ಬಿಗೆ ಸುರಿದು, ತಂದ ಡಬ್ಬಿಯನ್ನು ರದ್ದಿಯವನಿಗೆ ಹಾಕಿ ಹದಿನೈದು ದಿನಗಳಾಗಿದ್ದವು. ಇನ್ನು ಉತ್ತರ ಹೇಳುವುದು ಯಾರಿಂದಲೂ ಸಾಧ್ಯವಿರಲಿಲ್ಲ. ನಮ್ಮಲ್ಲಿ ಹೆಚ್ಚಿನ ಮನೆಗಳ ರೂಢಿ ಇದೇ ಆದುದರಿಂದ ಈ ನಾಲ್ಕು ಮಾತು.

ಒಂದು ಸಲಕ್ಕೆ ತಯಾರಾದ ಮಾಲಿಗೆ ಒಂದು ಬ್ಯಾಚ್ ಎಂದು ಹೆಸರು. ದೋಷವು ಸಾಮಾನ್ಯವಾಗಿ ಕಂಪನಿಯ ಎಲ್ಲ ಮಾಲಿಗೂ ತಗಲುವುದಿಲ್ಲ. ಕೆಲವು ಬ್ಯಾಚುಗಳಿಗೆ ಮಾತ್ರ ತಗಲುತ್ತದೆ. ಆ ಮಾಲನ್ನು ಅಂಗಡಿಗಳಿಂದಲೂ ಮನೆಗಳಿಂದಲೂ ಹಿಂದಕ್ಕೆ ತರಿಸುವುದಕ್ಕೆ ನಮ್ಮ ದೇಶದಲ್ಲಿ 2006ರ ಆಹಾರ ಸುರಕ್ಷತಾ ಕಾಯಿದೆಯ ಆಧಾರವಿದೆ. 2017ರಲ್ಲಿ ಅದಕ್ಕೆ ಪ್ರತ್ಯೇಕ ನಿಯಮಗಳೂ ಬಂದವು. ಆದರೆ ಕಾಯಿದೆಯು ಅಡಿಗೆಮನೆಯ ಕಪಾಟನ್ನು ತೆರೆದು ನೋಡಲಾರದು. ಆ ಕೆಲಸ ನಮ್ಮದೇ.

ಇಂತಹ ದೋಷ ಹೇಗೆ ನುಸುಳುತ್ತದೆ? 1955ರಲ್ಲಿ ಜಪಾನಿನ ಮೊರಿನಾಗಾ ಕಂಪನಿಯ ಹಾಲಿನ ಪುಡಿಗೆ, ಅದು ಕೆಡದಂತೆ ಬೆರೆಸುತ್ತಿದ್ದ ಒಂದು ಫಾಸ್ಫೇಟ್ ಲವಣದ ಜೊತೆಗೆ ಪಾಷಾಣವೂ ಸೇರಿತು. ಹನ್ನೆರಡು ಸಾವಿರಕ್ಕೂ ಹೆಚ್ಚು ಶಿಶುಗಳು ವಿಷಕ್ಕೆ ಸಿಕ್ಕಿದವು. ನೂರಕ್ಕೂ ಹೆಚ್ಚು ಶಿಶುಗಳು ತೀರಿಕೊಂಡವು. ಅದು ಅಜಾಗ್ರತೆಯ ಫಲ.

2008ರಲ್ಲಿ ಚೀನದಲ್ಲಿ ನಡೆದದ್ದು ಬೇಕೆಂದೇ ಮಾಡಿದ ಮೋಸ. ಹಾಲಿನಲ್ಲಿ ಎಷ್ಟು ಪ್ರೋಟೀನು ಇದೆಯೆಂದು ತಿಳಿಯಲು ಅದರೊಳಗಿನ ಸಾರಜನಕವನ್ನು ಅಳೆಯುತ್ತಿದ್ದರು. ನೀರು ಬೆರೆಸಿದ ಹಾಲಿಗೆ ಸಾರಜನಕ ತುಂಬಿರುವ ಮೆಲಮೈನ್ ಹಾಕಿದರೆ ಪರೀಕ್ಷೆಯಲ್ಲಿ ಅದು ಗಟ್ಟಿ ಹಾಲಾಗಿಯೇ ತೋರುತ್ತಿತ್ತು. ಮಕ್ಕಳ ಮೂತ್ರಪಿಂಡಗಳಲ್ಲಿ ಮಾತ್ರ ಕಲ್ಲುಗಳು ಕಟ್ಟಿಕೊಂಡವು. ಸುಮಾರು ಮೂರು ಲಕ್ಷ ಮಕ್ಕಳು ಕಾಯಿಲೆ ಬಿದ್ದರು. ಆರು ಶಿಶುಗಳು ಸತ್ತುದಾಗಿ ಸರಕಾರವೇ ಹೇಳಿತು. ಸಾನ್ಲು ಕಂಪನಿಗೆ 2007ರ ಕೊನೆಯಿಂದಲೇ ದೂರುಗಳು ಬರುತ್ತಿದ್ದರೂ ಜನರಿಗೆ ತಿಳಿದದ್ದು 2008ರ ಸೆಪ್ಟೆಂಬರಿನಲ್ಲಿ. ಅದೇ ತಿಂಗಳು ಭಾರತವು ಚೀನದ ಹಾಲಿನ ಪದಾರ್ಥಗಳ ಆಮದನ್ನು ನಿಷೇಧಿಸಿತು.

2023ರಲ್ಲಿ ಅಮೆರಿಕದ ಉತ್ತರ ಕ್ಯಾರೊಲಿನಾದಲ್ಲಿ ಕೆಲವು ಮಕ್ಕಳ ರಕ್ತದಲ್ಲಿ ಸೀಸ ಕಂಡುಬಂತು. ಅಧಿಕಾರಿಗಳು ಆ ಮಕ್ಕಳು ತಿಂದದ್ದನ್ನು ಹುಡುಕುತ್ತ ಹೋಗಿ, ದಾಲ್ಚಿನ್ನಿ ಬೆರೆಸಿದ ಸೇಬಿನ ಗೊಜ್ಜಿನ ಪೊಟ್ಟಣಗಳನ್ನು ಪರೀಕ್ಷಿಸಿದರು. ತಪ್ಪು ದಾಲ್ಚಿನ್ನಿಯಲ್ಲಿತ್ತು. ಆ ಮಾಲನ್ನು ದೇಶದಾದ್ಯಂತ ಹಿಂದಕ್ಕೆ ತರಿಸಲಾಯಿತು.

ನಮ್ಮಲ್ಲಿಯೂ 2015ರ ಜೂನಿನಲ್ಲಿ ಸೀಸದ ಶಂಕೆಯಿಂದಲೇ ಮ್ಯಾಗಿ ಶ್ಯಾವಿಗೆಯನ್ನು ಅಂಗಡಿಗಳಿಂದ ತೆಗೆಸಿದರು. ಪರೀಕ್ಷೆ ಮಾನ್ಯತೆಯುಳ್ಳ ಪ್ರಯೋಗಶಾಲೆಗಳಲ್ಲಿ ಆಗಿಲ್ಲವೆಂದು ಮುಂಬಯಿ ಹೈಕೋರ್ಟು ಆಗಸ್ಟಿನಲ್ಲಿ ಆ ಆಜ್ಞೆಯನ್ನು ರದ್ದುಮಾಡಿತು. ಮರುಪರೀಕ್ಷೆಯಲ್ಲಿ ಸೀಸವು ಮಿತಿಯೊಳಗೇ ಇದೆಯೆಂದು ಬಂದ ಮೇಲೆ ಮಾಲು ನವೆಂಬರಿನಲ್ಲಿ ಮತ್ತೆ ಅಂಗಡಿಗೆ ಬಂತು. ಆದುದರಿಂದ ಸುದ್ದಿ ಕೇಳಿದೊಡನೆ ಗಾಬರಿಯಾಗುವುದೂ ತರವಲ್ಲ, ಅಲಕ್ಷ್ಯ ಮಾಡುವುದೂ ತರವಲ್ಲ.

"ಚೆನ್ನಾಗಿ ಕುದಿಸಿದರೆ ಎಲ್ಲ ದೋಷ ಹೋಗುತ್ತದೆ" ಎಂಬ ನಂಬಿಕೆ ನಮ್ಮ ಹೆಂಗಸರಲ್ಲಿ ಬಲವಾಗಿದೆ. ಕುದಿಸಿದರೆ ಸಾಯುವುವು ರೋಗಾಣುಗಳು. ಸೀಸವಾಗಲಿ ಪಾಷಾಣವಾಗಲಿ ಕುದಿದು ಹೋಗುವ ವಸ್ತುಗಳಲ್ಲ. ದೊಡ್ಡವರ ಹೊಟ್ಟೆ ಹೀರುವುದಕ್ಕಿಂತ ನಾಲ್ಕೈದು ಪಟ್ಟು ಹೆಚ್ಚು ಸೀಸವನ್ನು ಮಗುವಿನ ಹೊಟ್ಟೆ ಹೀರಬಲ್ಲದು. ಅದು ಬೆಳೆಯುವ ಮಿದುಳಿಗೇ ಪೆಟ್ಟು ಕೊಡುತ್ತದೆ. ಮೇಲಾಗಿ ಕೂಸಿಗೆ ದಿನವೂ ಅದೇ ಒಂದು ಆಹಾರ.

ಹಾಗಾದರೆ ಮಾಡತಕ್ಕದ್ದೇನು? ಪುಡಿಯನ್ನು ತಂದ ಡಬ್ಬಿಯಲ್ಲಿಯೇ ಇಡಿರಿ. ರಟ್ಟಿನ ಪೆಟ್ಟಿಗೆಯಾದರೆ ಬ್ಯಾಚ್ ನಂಬರು, ತಾರೀಖು ಇರುವ ಭಾಗವನ್ನು ಕತ್ತರಿಸಿ, ಅಂಗಡಿಯ ಬಿಲ್ಲಿನೊಡನೆ ಇಡಿರಿ. ಮೊಬೈಲಿನಲ್ಲಿ ಅದರ ಫೋಟೋ ತೆಗೆದುಕೊಂಡರೂ ಸಾಕು. ಪುಡಿ ಮುಗಿದ ಕೆಲವು ತಿಂಗಳವರೆಗೂ ಇದು ಇರಲಿ. ಬಿಡಿಯಾಗಿ ತೂಗಿ ಕೊಡುವ ಪುಡಿಯನ್ನು ಕೂಸಿಗೆ ತರಬೇಡಿರಿ. ಹಿಂದಕ್ಕೆ ಕರೆಸಿದ ನಂಬರು ನಿಮ್ಮದೇ ಆದರೆ ಕೊಡುವುದನ್ನು ಕೂಡಲೇ ನಿಲ್ಲಿಸಿ, ಡಬ್ಬಿಯನ್ನು ಎಸೆಯದೆ ಬೇರೆಯಾಗಿಟ್ಟು, ಅಂಗಡಿಯವನಿಗೆ ತಿಳಿಸಿರಿ. ಅವನು ಕೇಳದಿದ್ದರೆ ಮಹಾರಾಷ್ಟ್ರದ ಅನ್ನ ಮತ್ತು ಔಷಧ ಆಡಳಿತದ ಕಚೇರಿ ಥಾಣೆಯಲ್ಲಿಯೇ ಇದೆ. ಬದಲಿಗೆ ಏನು ಕೊಡಬೇಕೆಂಬುದನ್ನು ಡಾಕ್ಟರರನ್ನು ಕೇಳಿರಿ. ಪುಡಿಯನ್ನು ತೆಳ್ಳಗೆ ಕಲಸಿ ಕಾಲ ತಳ್ಳಬೇಡಿರಿ.

ಎದೆಹಾಲು ಇರುವ ತಾಯಿ ಮೊದಲ ಆರು ತಿಂಗಳು ಕೂಸಿಗೆ ಅದನ್ನೇ ಕೊಡಲಿ. ಅದಕ್ಕೆ ಬ್ಯಾಚ್ ನಂಬರು ಬೇಡ. ಆದರೆ ಹಾಲು ಸಾಲದ ತಾಯಿಯೂ, ಬೆಳಗಿನ ಲೋಕಲ್ ಹಿಡಿದು ದುಡಿಯಲು ಹೋಗುವ ತಾಯಿಯೂ ನಮ್ಮ ನಡುವೆ ಇದ್ದಾರೆ. ಡಬ್ಬಿ ತಂದದ್ದು ಅವರ ತಪ್ಪಲ್ಲ. ಅಂದು ಬಂದ ತಾಯಿ ಉಳಿದ ಪುಡಿಯನ್ನು ಚೆಲ್ಲಿದರು. ಕೂಸನ್ನು ಡಾಕ್ಟರರಿಗೆ ತೋರಿಸಿದರು, ಅದು ಚೆನ್ನಾಗಿದೆ. ಹೊಸ ಡಬ್ಬಿಯ ನಂಬರನ್ನು ಈಗ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟಿದ್ದಾರೆ. ನೀವೂ ಇಂದೇ ಬರೆದಿಡಿರಿ.